ಮಸ್ಟಾಂಗ್‌ನ ಆರು ಸಿಲಿಂಡರು: ಸಿಕ್ಕಿಬಿದ್ದ ಉಸಿರನ್ನು ಬಿಡಿಸುವ ಬಗೆ

ಅಮೆರಿಕದ ಫೋರ್ಡ್ ಕಂಪನಿ 1960ರ ಮಾದರಿಯ ಫಾಲ್ಕನ್ ಎಂಬ ಅಗ್ಗದ ಕಾರಿಗೆಂದು ಸಾಲಾಗಿ ಆರು ಸಿಲಿಂಡರುಗಳಿದ್ದ ಪುಟ್ಟ ಎಂಜಿನ್ ಒಂದನ್ನು ಮಾಡಿತು. ಗಾತ್ರ 144 ಘನ ಅಂಗುಲ. ಅದೇ ಎಂಜಿನ್ ಬೆಳೆದು 170 ಆಯಿತು, ಆಮೇಲೆ 200, ಕೊನೆಗೆ 250. ಈ ಪೈಕಿ 200ರದ್ದು, ಎಂದರೆ ಸುಮಾರು 3.3 ಲೀಟರಿನದ್ದು, 1965ರ ಮಾದರಿಯ ಮಸ್ಟಾಂಗ್ ಕಾರಿನ ಮೂಲ ಎಂಜಿನ್. ನಿಮಿಷಕ್ಕೆ 4,400 ಸುತ್ತಿನಲ್ಲಿ 120 ಅಶ್ವಶಕ್ತಿ ಎಂದು ಕಂಪನಿ ಹೇಳಿಕೊಂಡಿತ್ತು. ಕ್ರ್ಯಾಂಕ್ ದಂಡವನ್ನು ಏಳು ಮುಖ್ಯ ಬೇರಿಂಗುಗಳು ಹೊತ್ತಿರುವ ಈ ಎಂಜಿನ್ ಬಲು ಗಟ್ಟಿ. ಕಾಡುಕುದುರೆಯ ಹೆಸರಿಟ್ಟುಕೊಂಡ ಕಾರಿಗೆ ಅದರ ಓಟ ಮಾತ್ರ ಸಾಧು ಎತ್ತಿನದು.

120 ಎಂಬ ಅಂಕಿಯನ್ನೂ ಪೂರ್ತಿ ನಂಬುವಂತಿಲ್ಲ. ಆಗಿನ ಅಳತೆ ಎಂಜಿನ್ನನ್ನು ಕಾರಿನಿಂದ ಹೊರಗಿಟ್ಟು, ಗಾಳಿಶೋಧಕ, ಸೈಲೆನ್ಸರುಗಳ ಹಂಗಿಲ್ಲದೆ ತೆಗೆದದ್ದು. 1972ರಲ್ಲಿ ಅಮೆರಿಕದ ಕಂಪನಿಗಳು ಎಲ್ಲ ಸಲಕರಣೆ ಜೋಡಿಸಿ ಅಳೆಯುವ ನಿವ್ವಳ ಲೆಕ್ಕಕ್ಕೆ ಬಂದವು. 1971ರಲ್ಲಿ 145 ಅಶ್ವಶಕ್ತಿ ಎನಿಸಿಕೊಂಡಿದ್ದ 250ರ ಎಂಜಿನ್ ಮರುವರ್ಷ ನೂರರ ಕೆಳಕ್ಕೆ ಇಳಿಯಿತು. ಅಷ್ಟೂ ಕುದುರೆಗಳು ಒಂದೇ ವರ್ಷದಲ್ಲಿ ಲಾಯ ಬಿಟ್ಟು ಓಡಿಹೋದದ್ದೇನಲ್ಲ. ಬಹುಪಾಲು ಬದಲಾದದ್ದು ತಕ್ಕಡಿ.

ಅಶ್ವಶಕ್ತಿ ಎಂದರೆ ತಿರುಗುಬಲ ಮತ್ತು ತಿರುಗುವ ವೇಗದ ಗುಣಲಬ್ಧ. ಎರಡನ್ನೂ ಕೊನೆಗೆ ನಿರ್ಧರಿಸುವುದು ಗಾಳಿ. ನಾಲ್ಕು ಹೊಡೆತದ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿಯನ್ನು ಎಳೆದುಕೊಳ್ಳಬೇಕು. 3.3 ಲೀಟರಿನ ಎಂಜಿನ್ 4,400 ಸುತ್ತಿನಲ್ಲಿ ತಿರುಗುವಾಗ ನಿಮಿಷಕ್ಕೆ 7,200 ಲೀಟರಿಗೂ ಹೆಚ್ಚು ಗಾಳಿ ಬೇಕಾಗುತ್ತದೆ. ಪೆಟ್ರೋಲನ್ನು ಸುರಿಯುವುದು ಸುಲಭ. ಒಂದು ಪಾಲು ಪೆಟ್ರೋಲು ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿಯನ್ನು ಅಷ್ಟು ಕಡಿಮೆ ಸಮಯದಲ್ಲಿ ಒಳಗೆ ತರುವುದೇ ಕಷ್ಟ. ಸಾಮಾನ್ಯ ಎಂಜಿನ್ನುಗಳಲ್ಲಿ ಸಿಲಿಂಡರು ಪೂರ್ತಿ ತುಂಬುವುದು ಅಪರೂಪ.

ಈ ಎಂಜಿನ್ನಿನಲ್ಲಿ ಅದು ಇನ್ನಷ್ಟು ಅರೆಬರೆಯಾಗಿ ತುಂಬುವುದಕ್ಕೆ ಕಾರಣ ಅದರ ತಲೆಯ ರಚನೆ. ಬೇರೆ ಎಂಜಿನ್ನುಗಳಲ್ಲಿ ಕಾರ್ಬುರೇಟರಿನಿಂದ ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಬೇರೆಯದೇ ಬಿಡಿಭಾಗ. ಬೋಲ್ಟ್ ಬಿಚ್ಚಿ ಒಳ್ಳೆಯದನ್ನು ಕೂರಿಸಬಹುದು. ಫೋರ್ಡ್ ಖರ್ಚು ಉಳಿಸಲು ಸಿಲಿಂಡರ್ ಹೆಡ್ ಮತ್ತು ಮ್ಯಾನಿಫೋಲ್ಡ್ ಎರಡನ್ನೂ ಒಂದೇ ಎರಕವಾಗಿ ಹೊಯ್ದಿತು. ನೋಡಲು ಟೊಳ್ಳು ಮರದ ದಿಮ್ಮಿಯಂತಿರುವ ಇದಕ್ಕೆ ಮೆಕ್ಯಾನಿಕ್ಕುಗಳು ಇಟ್ಟ ಹೆಸರೂ ‘ಲಾಗ್’, ದಿಮ್ಮಿ ಎಂದೇ. ನಡುವೆ ಒಂದೇ ಬಾಯಿಯ ಸಣ್ಣ ಕಾರ್ಬುರೇಟರು. ನಡುವಿನ ಸಿಲಿಂಡರುಗಳು ಪಂಕ್ತಿಯಲ್ಲಿ ಬಡಿಸುವವನ ಎದುರಿಗೇ ಕೂತವರಂತೆ. ಒಂದನೆಯದಕ್ಕೂ ಆರನೆಯದಕ್ಕೂ ಉಳಿದದ್ದು ತಲುಪುತ್ತದೆ. ಅಂಚಿನವು ತೆಳು ಮಿಶ್ರಣದಲ್ಲಿ, ನಡುವಿನವು ದಪ್ಪ ಮಿಶ್ರಣದಲ್ಲಿ ಉರಿಯುತ್ತವೆ. ಕಡಿಮೆ ಖರ್ಚಿನ ಯಾವ ಉಪಾಯವೂ ಈ ದಿಮ್ಮಿಯನ್ನು ಮರೆತು ಫಲ ಕೊಡಲಾರದು.

ಹಾಗಿದ್ದರೂ ಮೊದಲ ಕೆಲಸ ಹೊಸ ಶಕ್ತಿಯನ್ನು ಸೇರಿಸುವುದಲ್ಲ, ಸೋರಿಹೋದದ್ದನ್ನು ಮರಳಿ ತರುವುದು. ಅರವತ್ತು ವರ್ಷದ ಎಂಜಿನ್ನಿನಲ್ಲಿ ಇದರ ಪಾಲೇ ದೊಡ್ಡದು. ಪ್ಲಗ್ಗುಗಳನ್ನು ಬಿಚ್ಚಿ ಪ್ರತಿ ಸಿಲಿಂಡರಿನ ಒತ್ತಡ ಅಳೆದಾಗ ಅತಿ ಕಡಿಮೆಯದು ಅತಿ ಹೆಚ್ಚಿನದರ ಮುಕ್ಕಾಲು ಪಾಲಿಗಿಂತ ಕೆಳಗಿದ್ದರೆ ವಾಲ್ವ್ ಅಥವಾ ಪಿಸ್ಟನ್ ರಿಂಗಿನ ದುರಸ್ತಿಯಾಗದೆ ಬೇರೆ ಖರ್ಚು ದಂಡ. ಮ್ಯಾನಿಫೋಲ್ಡಿನ ನಿರ್ವಾತ ಅಳೆಯುವ ಅಗ್ಗದ ಗೇಜು ಗಾಳಿ ಸೋರುವ ಗ್ಯಾಸ್ಕೆಟ್ಟನ್ನೂ ಹಿಂದೆಬಿದ್ದ ಟೈಮಿಂಗನ್ನೂ ತೋರಿಸಿಕೊಡುತ್ತದೆ. ಒಂದು ಪರೀಕ್ಷೆಗಂತೂ ಕಾಸೂ ಬೇಡ: ಎಂಜಿನ್ ಆರಿಸಿ, ಒಬ್ಬರು ಪೆಡಲನ್ನು ಪೂರ್ತಿ ಒತ್ತಬೇಕು, ಇನ್ನೊಬ್ಬರು ಕಾರ್ಬುರೇಟರಿನ ಬಾಯೊಳಗೆ ಇಣುಕಬೇಕು. ಸವೆದ ಸರಳುಗಳಿಂದಾಗಿ ಥ್ರಾಟಲ್ ತಟ್ಟೆ ಮುಕ್ಕಾಲು ಮಾತ್ರ ತೆರೆಯುವ ಹಳೆಯ ಕಾರುಗಳು ಅಪರೂಪವೇನಲ್ಲ.

ಮುಂದಿನ ಸುಲಭದ ಗಳಿಕೆ ಕಿಡಿಯದು. ಎಂಜಿನ್ ವೇಗವಾಗಿ ತಿರುಗಿದಷ್ಟೂ ಕಿಡಿ ಮುಂಚಿತವಾಗಿ ಹಾರಬೇಕು, ಏಕೆಂದರೆ ಮಿಶ್ರಣ ಉರಿಯಲು ಸಮಯ ಬೇಕು. ಕಿಡಿ ಹಂಚುವ ಸಾಮಾನ್ಯ ಡಿಸ್ಟ್ರಿಬ್ಯೂಟರುಗಳಲ್ಲಿ ತಿರುಗುವ ತೂಕದ ಬಿಲ್ಲೆಗಳು ಈ ಕೆಲಸ ಮಾಡುತ್ತವೆ. 1965ರ ಮಸ್ಟಾಂಗ್ ಆರರಲ್ಲಿ ಅವೇ ಇಲ್ಲ. ‘ಲೋಡ್-ಒ-ಮ್ಯಾಟಿಕ್’ ಎಂಬ ಅದರ ಡಿಸ್ಟ್ರಿಬ್ಯೂಟರು ಬರೀ ನಿರ್ವಾತದಿಂದ ನಡೆಯುತ್ತದೆ, ಆ ನಿರ್ವಾತದ ಸಂಕೇತ ಬರುವುದು ಕಾರ್ಬುರೇಟರಿನಲ್ಲಿ ಕೂತ ವಿಶೇಷ ವಾಲ್ವಿನಿಂದ. ಇವೆರಡೂ ಹುಟ್ಟು ಜೋಡಿ. ಇದನ್ನು ತಿಳಿಯದೆ ಹೊಸ ಕಾರ್ಬುರೇಟರನ್ನಷ್ಟೇ ಹಾಕಿದವರ ಕಾರು ಮೊದಲಿಗಿಂತ ಮಂದವಾಗುತ್ತದೆ, ತಪ್ಪು ಕಾರ್ಬುರೇಟರಿನ ತಲೆಗೆ ಬರುತ್ತದೆ. 1960ರ ದಶಕದ ಕೊನೆಯಿಂದ ಫೋರ್ಡ್ ತೂಕದ ಬಿಲ್ಲೆಗಳಿರುವ ಡಿಸ್ಟ್ರಿಬ್ಯೂಟರನ್ನೂ, 1970ರ ದಶಕದ ನಡುವಿನಿಂದ ಪಾಯಿಂಟುಗಳೇ ಇಲ್ಲದ ಎಲೆಕ್ಟ್ರಾನಿಕ್ ಬಗೆಯನ್ನೂ ಇದೇ ಎಂಜಿನ್ ವಂಶಕ್ಕೆ ಕೊಟ್ಟಿತು. ಗುಜರಿಯಿಂದ ತಂದ ಅಂಥ ಒಂದು ಘಟಕ ಹಣಕ್ಕೆ ತಕ್ಕ ಫಲ ಕೊಡುವ ಬದಲಾವಣೆಗಳಲ್ಲಿ ಮುಂದಿನ ಸಾಲಿನದು. ಆಯಿಲ್ ಪಂಪನ್ನು ತಿರುಗಿಸುವ ಆರು ಮೂಲೆಯ ದಂಡದ ಗಾತ್ರ ಎಲ್ಲ ವರ್ಷಗಳಲ್ಲೂ ಒಂದೇ ಅಲ್ಲವಾದ್ದರಿಂದ ಅಳೆದೇ ಕೊಳ್ಳಬೇಕು.

ಕಿಡಿ ಸರಿಯಾದ ಮೇಲೆ ಕಾರ್ಬುರೇಟರು. ಒಂದು ಬಾಯಿಯ ಬದಲು ಎರಡು ಬಾಯಿಯದನ್ನು, ಉದಾಹರಣೆಗೆ ಮೋಟರ್‌ಕ್ರಾಫ್ಟ್ 2100 ಅಥವಾ ವೆಬರ್ 32/36, ಅಡಾಪ್ಟರ್ ತಟ್ಟೆಯ ಮೇಲೆ ಕೂರಿಸುವುದು ರೂಢಿ. ಆದರೆ ತಟ್ಟೆಯ ಕೆಳಗೆ ದಿಮ್ಮಿಯ ತೂತು ಹಳೆಯ ಗಾತ್ರದಲ್ಲೇ ಇರುತ್ತದೆ. ಅಗಲ ಬಾಯಿಯ ಲಾಳಿಕೆ ಇಟ್ಟರೂ ಸೀಸೆಯ ಕತ್ತು ಹಿಗ್ಗುವುದಿಲ್ಲವಲ್ಲ. ಹೆಡ್ಡನ್ನು ಬಿಚ್ಚಿ, ದಿಮ್ಮಿಯ ಮೇಲ್ಭಾಗವನ್ನು ಸಮತಟ್ಟಾಗಿ ಕೆತ್ತಿಸಿ, ತೂತು ಹಿಗ್ಗಿಸಿ ಎರಡು ಬಾಯಿಯದನ್ನು ನೇರವಾಗಿ ಕೂರಿಸಿದಾಗಲೇ ಪೂರ್ಣ ಲಾಭ.

ಹೆಡ್ ಹೇಗೂ ಹೊರಬಂದಿದ್ದರೆ 1970ರ ದಶಕದ ಕೊನೆಯ ಹೆಡ್ ಹಾಕುವ ಯೋಚನೆ ಮಾಡಬಹುದು. ಅದರ ದಿಮ್ಮಿ ದೊಡ್ಡದು. ಗಾಳಿ ಒಳಬರುವ ವಾಲ್ವಿನ ವ್ಯಾಸ 1.65 ಅಂಗುಲದ ಬದಲು 1.75 ಅಂಗುಲ. ಎಡವುವುದು ಇಲ್ಲೇ. ಹೊಸ ಹೆಡ್ಡಿನ ದಹನಕೋಣೆ ಸುಮಾರು 62 ಘನ ಸೆಂಟಿಮೀಟರಿನದು, ಹಳೆಯದು 52ರದು. ಜೊತೆಗೆ ಮೂಲದ ತೆಳು ಉಕ್ಕಿನ ಗ್ಯಾಸ್ಕೆಟ್ಟಿನ ಜಾಗಕ್ಕೆ ಇಂದು ಸಿಗುವ ದಪ್ಪ ಗ್ಯಾಸ್ಕೆಟ್ ಬಂದು ಸುಮಾರು 0.6 ಮಿಲಿಮೀಟರ್ ಹೆಚ್ಚಾದರೆ ಇನ್ನೂ ನಾಲ್ಕು ಘನ ಸೆಂಟಿಮೀಟರಿಗೂ ಮೀರಿದ ಜಾಗ ಸೇರುತ್ತದೆ. ಪ್ರತಿ ಸಿಲಿಂಡರಿನ ಗಾತ್ರ 546 ಘನ ಸೆಂಟಿಮೀಟರ್. ಲೆಕ್ಕ ಹಾಕಿದರೆ 9.2 ಇದ್ದ ಕಂಪ್ರೆಷನ್ ಅನುಪಾತ 7.7ರ ಆಸುಪಾಸಿಗೆ ಕುಸಿಯುತ್ತದೆ. ಅನುಪಾತ ಒಂದು ಅಂಕ ಇಳಿದರೆ ಶಕ್ತಿ ಸ್ಥೂಲವಾಗಿ ಶೇಕಡ ಮೂರರಿಂದ ನಾಲ್ಕರಷ್ಟು ಇಳಿಯುವುದರಿಂದ ದೊಡ್ಡ ವಾಲ್ವು ತಂದ ಲಾಭದ ಒಂದು ಪಾಲನ್ನು ದೊಡ್ಡ ಕೋಣೆಯೂ ದಪ್ಪ ಗ್ಯಾಸ್ಕೆಟ್ಟೂ ಸೇರಿ ತಿಂದುಹಾಕುತ್ತವೆ. ಹೆಡ್ಡಿನ ಕೆಳಮೈಯನ್ನು ತಕ್ಕಷ್ಟು ಕೆತ್ತಿಸಿ ಅನುಪಾತವನ್ನು ಮೊದಲಿನ ಮಟ್ಟಕ್ಕೆ ತರಲೇಬೇಕು. ಅತಿಯಾಗಿ ಕೆತ್ತಿಸಿದರೆ ಸಾಮಾನ್ಯ ಪೆಟ್ರೋಲು ಕಿಡಿಯ ಜ್ವಾಲೆ ಬಂದು ತಲುಪುವ ಮೊದಲೇ ತಾನಾಗಿ ಸಿಡಿದು ಎಂಜಿನ್ ಕುಟ್ಟತೊಡಗುತ್ತದೆ.

ಹೊಗೆ ಹೊರಹೋಗುವ ದಾರಿಯದು ಚಿಕ್ಕ ಕಥೆ. ಮೂರನೆಯ ಮತ್ತು ನಾಲ್ಕನೆಯ ಸಿಲಿಂಡರುಗಳ ಹೊರದ್ವಾರಗಳು ಅಕ್ಕಪಕ್ಕದಲ್ಲೇ ಕೂಡಿಕೊಂಡಿವೆ; ನಡುವೆ ಒಂದು ಲೋಹದ ತಡಿಕೆ ಕೂರಿಸಿ ಹೆಡರ್ ಕೊಳವೆಗಳನ್ನು ಜೋಡಿಸುವುದುಂಟು. ಒಳಗೆ ಬರುವ ದಾರಿ ಇಕ್ಕಟ್ಟಾಗಿರುವಾಗ ಹೊರದಾರಿಯನ್ನು ರಾಜಬೀದಿ ಮಾಡಿದರೆ ಹೆಚ್ಚುವುದು ಸದ್ದು. ಎರಡೂವರೆ ಅಂಗುಲದ ಕೊಳವೆ ಈ ಗಾತ್ರಕ್ಕೆ ಬೇಡವೇ ಬೇಡ. ಕ್ಯಾಮ್ ದಂಡ ಬದಲಿಸುವುದೂ ಹಾಗೆಯೇ: ಹೆಡ್ ಸರಿಯಾದ ಮೇಲೆ ವಾಲ್ವುಗಳನ್ನು ಸ್ವಲ್ಪ ಹೆಚ್ಚು ಹೊತ್ತು ತೆರೆದಿಡುವ ಸೌಮ್ಯ ಕ್ಯಾಮ್ ಒಳ್ಳೆಯ ಫಲ ಕೊಡುತ್ತದೆ. ಅದಕ್ಕೂ ಮೊದಲೇ ರೇಸಿನ ಕ್ಯಾಮ್ ಹಾಕಿದರೆ ಸಿಗ್ನಲ್ಲಿನಲ್ಲಿ ನಡುಗುವ, ಹೊರಡಲು ಒದ್ದಾಡುವ ಕಾರು ಸಿಗುತ್ತದೆ.

ಪೆಟ್ರೋಲ್ ಕೊಳವೆಗೆ ಅಂಟಿಸುವ ಅಯಸ್ಕಾಂತ, ಮ್ಯಾನಿಫೋಲ್ಡಿಗೆ ಸಿಕ್ಕಿಸುವ ಸುಳಿಗಾಳಿಯ ಪಂಖ ಮೊದಲಾದವು ಎಲ್ಲಕ್ಕಿಂತ ಅಗ್ಗ, ಪ್ರಯೋಜನವೂ ಅಷ್ಟೇ. ಇಂಧನ ಉಳಿಸುತ್ತೇವೆನ್ನುವ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಪರಿಶೀಲಿಸಿದೆ. ಬಹುಪಾಲಿನವುಗಳಲ್ಲಿ ಹೇಳಿಕೊಳ್ಳುವ ಗುಣ ಕಾಣಲಿಲ್ಲ. ಹೆಚ್ಚಿನ ಆಕ್ಟೇನಿನ ಪೆಟ್ರೋಲು ಕುಟ್ಟುವುದನ್ನು ತಡೆಯುತ್ತದೆ, ಕುಟ್ಟದ ಎಂಜಿನ್ನಿಗೆ ಅದರಿಂದ ಬಲ ಬಾರದು.

ಅಶ್ವಶಕ್ತಿ ಒಂದಿಷ್ಟೂ ಹೆಚ್ಚದೆ ಕಾರು ಚುರುಕಾಗುವ ದಾರಿಯೂ ಇದೆ. ಹಿಂದಿನ ಆಕ್ಸಲಿನ ಹಲ್ಲುಚಕ್ರದ ಅನುಪಾತವನ್ನು 2.83ರಿಂದ 3.50ಕ್ಕೆ ಏರಿಸಿದರೆ ಅದೇ ಗೇರಿನಲ್ಲಿ ಚಕ್ರಕ್ಕೆ ತಲುಪುವ ತಿರುಗುಬಲ ಶೇಕಡ 24ರಷ್ಟು ಹೆಚ್ಚುತ್ತದೆ. ಹೆದ್ದಾರಿಯಲ್ಲಿ ಎಂಜಿನ್ ಅಷ್ಟೇ ಹೆಚ್ಚು ತಿರುಗಬೇಕು, ಪೆಟ್ರೋಲೂ ಅದಕ್ಕೆ ತಕ್ಕಂತೆ.

ಇದರಾಚೆಗಿನ ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ದಿಮ್ಮಿಯ ಕೊರತೆಯನ್ನು ಮುಚ್ಚಿಬಿಡುತ್ತದೆ; ಇಂಧನ ಮತ್ತು ಕಿಡಿಯ ಹೊಂದಾಣಿಕೆ ತಪ್ಪಿದರೆ ಪಿಸ್ಟನ್ನನ್ನೂ ಕರಗಿಸುತ್ತದೆ. ವಿ-8 ಎಂಜಿನ್ ಹಾಕುವುದು ಇನ್ನೂ ದೂರದ ಮಾತು. ಆರು ಸಿಲಿಂಡರಿನ ಮಸ್ಟಾಂಗ್‌ಗೆ ಫೋರ್ಡ್ ಕೊಟ್ಟಿದ್ದು ಒಂಬತ್ತು ಅಂಗುಲದ ಡ್ರಮ್ ಬ್ರೇಕು, ತೆಳು ಆಕ್ಸಲು, ನಾಲ್ಕೇ ಬೋಲ್ಟಿನ ಚಕ್ರ. ವಿ-8ಕ್ಕೆ ಇವೆಲ್ಲವೂ ಬೇರೆ ಬೇಕು. ಆರರಲ್ಲೇ ಉಳಿದು ಶಕ್ತಿ ಹೆಚ್ಚಿಸುವವರೂ ಹೆಡ್ಡಿಗೆ ಕೈ ಹಾಕುವ ಮುನ್ನ ಮುಂದಿನ ಬ್ರೇಕಿನ ಲೈನಿಂಗುಗಳನ್ನು ಬಿಚ್ಚಿ ನೋಡುವುದು ವಾಡಿಕೆ.