ಎದೆಯ ಚಿತ್ರದಲ್ಲಿ ಒಂದು ಕಲೆ

ಕಳೆದ ಮಳೆಗಾಲದ ಒಂದು ಭಾನುವಾರ. ಬಲಿಪೂಜೆ ಮುಗಿದು ಜನರೆಲ್ಲ ಚದುರಿದ ಮೇಲೂ ಹೊಸದುರ್ಗದ ಕಡೆಯ ಒಬ್ಬ ತಾಯಿ ದೇವಾಲಯದ ಬಾಗಿಲ ಬಳಿಯೇ ನಿಂತಿದ್ದರು. ಕೈಯಲ್ಲಿ ನಾಲ್ಕಾಗಿ ಮಡಿಸಿದ ಒಂದು ಹಾಳೆ. ಬಿಡಿಸಿ ನೋಡಿದರೆ ಮಗಳ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಅದರ ಕೆಳಗೆ ಒಂದೇ ಪದ: ‘ಅನ್‌ಫಿಟ್’. ಚಿತ್ರದುರ್ಗದಲ್ಲಿ ನರ್ಸಿಂಗ್ ಓದಿ, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಮೂರು ವರ್ಷ ದುಡಿದಿದ್ದ ಆ ಹುಡುಗಿ ಕೊಲ್ಲಿ ರಾಷ್ಟ್ರವೊಂದಕ್ಕೆ ಹೊರಟಿದ್ದಳು. ಏಜೆಂಟನೊಬ್ಬನಿಗೆ ಮುಂಗಡ ಕೊಡಲೆಂದು ಇದ್ದ ತೋಟವನ್ನು ಅಡವಿಟ್ಟಾಗಿತ್ತು.

ನಮ್ಮ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಕಥೋಲಿಕ ಕುಟುಂಬಗಳು ಹೆಚ್ಚಿಲ್ಲ; ಇರುವವು ದೂರದೂರ ಚದುರಿವೆ. ಆದರೂ ಮನೆಯ ಮಗಳನ್ನು ದಾದಿಯ ವೃತ್ತಿಗೆ ಕಳುಹಿಸುವ ಹಂಬಲ ಎಲ್ಲೆಡೆಯೂ ಕಾಣುತ್ತದೆ. ಕಾರಣ ಹುಡುಕಲು ಬಹುದೂರ ಹೋಗಬೇಕಿಲ್ಲ. ಕೆಲವು ವರ್ಷಗಳ ಹಿಂದಿನ ಸತತ ಬರಗಾಲದಲ್ಲಿ ಹಿರಿಯೂರು, ಹೊಸದುರ್ಗಗಳ ತೆಂಗಿನ ತೋಟಗಳು ನಿಂತಲ್ಲೇ ಒಣಗಿದವು. ವಾಣಿವಿಲಾಸ ಸಾಗರವು 1933ರ ಬಳಿಕ ಮೊದಲ ಬಾರಿಗೆ 2022ರಲ್ಲಿ ಕೋಡಿ ಬಿದ್ದಾಗ ಊರೂರಿನವರು ಹೋಗಿ ನೋಡಿ ಕಣ್ತುಂಬಿಕೊಂಡರು ನಿಜ. ಆದರೆ ಸತ್ತ ಮರಗಳು ಚಿಗುರಲಿಲ್ಲ, ಸಾಲವೂ ತೀರಲಿಲ್ಲ. ಜಗದ್ಗುರು ಎರಡನೇ ಜಾನ್ ಪೌಲರು 1981ರಲ್ಲಿ ದುಡಿಮೆಯ ಕುರಿತು ಬರೆದ ವಿಶ್ವಪತ್ರದಲ್ಲಿ, ಕೆಲಸವನ್ನರಸಿ ತಾಯ್ನಾಡನ್ನು ಬಿಟ್ಟುಹೋಗುವ ಹಕ್ಕು ಮನುಷ್ಯನಿಗುಂಟೆಂದು ಹೇಳಿ, ಅದರಿಂದ ತಾಯ್ನಾಡಿಗಾಗುವ ನಷ್ಟವನ್ನೂ ಮರೆಯದೆ ನೆನಪಿಸಿದರು. ಹೋಗಬಾರದೆಂದು ಹೇಳುವ ಅಧಿಕಾರ ನನಗಂತೂ ಇಲ್ಲ.

ಆ ಹಾಳೆಯ ವಿಷಯಕ್ಕೆ ಬರೋಣ. ಸೌದಿ ಅರೇಬಿಯ, ಕುವೈತ್, ಕತಾರ್ ಮುಂತಾದ ಆರು ಕೊಲ್ಲಿ ರಾಷ್ಟ್ರಗಳು ಕೆಲಸದ ವೀಸಾ ಕೊಡುವ ಮೊದಲು ತಾವು ಮಾನ್ಯ ಮಾಡಿದ ಕೇಂದ್ರಗಳಲ್ಲೇ ವೈದ್ಯಕೀಯ ತಪಾಸಣೆ ಆಗಬೇಕೆಂದು ವಿಧಿಸುತ್ತವೆ. ‘ಗಾಮ್ಕಾ’ ಎಂದು ಹಳಬರು ಹೇಳುತ್ತಿದ್ದ ಈ ವ್ಯವಸ್ಥೆಗೆ ಈಗ ‘ವಾಫಿದ್’ ಎಂದು ಹೆಸರು. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಕುಷ್ಠ, ಹತೋಟಿಗೆ ಬಾರದ ಮಧುಮೇಹ ಅಥವಾ ರಕ್ತದೊತ್ತಡ, ಕಡೆಗೆ ಗರ್ಭಧಾರಣೆ ಕೂಡ ಅಲ್ಲಿ ತಡೆಯೇ. ಎಲ್ಲಕ್ಕಿಂತ ಕಠಿಣವಾದದ್ದು ಎದೆಯ ಎಕ್ಸ್-ರೇ. ಸಕ್ರಿಯ ಕ್ಷಯವಿರಬಾರದು ಎಂದಷ್ಟೇ ಅಲ್ಲ, ಹಿಂದೆಂದೋ ಬಂದು ವಾಸಿಯಾದ ಕ್ಷಯದ ಕಲೆಯೂ ಶ್ವಾಸಕೋಶದಲ್ಲಿ ಕಾಣಬಾರದು. ಒಂದು ಕೇಂದ್ರದಲ್ಲಿ ಅನರ್ಹರೆಂದು ದಾಖಲಾದರೆ ಆರು ರಾಷ್ಟ್ರಗಳಿಗೂ ಅದು ತಿಳಿಯುತ್ತದೆ.

ಈ ಹುಡುಗಿಗೆ ಆಗಿದ್ದು ಅದೇ. ವಿದ್ಯಾರ್ಥಿನಿಯಾಗಿ ವಾರ್ಡಿನ ಸೇವೆಯಲ್ಲಿದ್ದ ಎರಡನೇ ವರ್ಷ ಅವಳಿಗೆ ಕ್ಷಯ ತಗುಲಿತ್ತು. ಜಗತ್ತಿನ ಕ್ಷಯರೋಗಿಗಳಲ್ಲಿ ಕಾಲುಭಾಗದಷ್ಟು ಮಂದಿ ನಮ್ಮ ದೇಶದಲ್ಲೇ ಇರುವಾಗ ಅವರ ಹಾಸಿಗೆಯ ಬಳಿ ನಿಲ್ಲುವವರಿಗೆ ಅದು ತಗುಲುವುದು ಅಚ್ಚರಿಯಲ್ಲ. ಆರು ತಿಂಗಳು ಒಂದು ದಿನವೂ ತಪ್ಪದೆ ಮಾತ್ರೆ ನುಂಗಿ ಅವಳು ಪೂರ್ಣ ಗುಣಮುಖಳಾದಳು. ಉಳಿದದ್ದು ಎದೆಯ ಚಿತ್ರದ ಮೇಲುಭಾಗದಲ್ಲಿ ಹೆಬ್ಬೆರಳ ಉಗುರಿನಷ್ಟು ಒಂದು ಬಿಳಿ ಗುರುತು.

ಸೆಮಿನರಿಯಲ್ಲಿ ಅರಿಸ್ಟಾಟಲನನ್ನು ಓದುವಾಗ ಸುಪ್ತಸ್ಥಿತಿ, ಪ್ರಕಟಸ್ಥಿತಿ ಎಂಬ ಎರಡು ಮಾತುಗಳ ಮೇಲೆ ನಮ್ಮ ಗುರುಗಳು ತಿಂಗಳುಗಟ್ಟಲೆ ಪಾಠ ಮಾಡುತ್ತಿದ್ದರು. ಇದು ಯಾವ ಊಟಕ್ಕೆ ಉಪ್ಪಾದೀತೆಂದು ಆಗ ನಾವು ಹಿಂದಿನ ಬೆಂಚಿನಲ್ಲಿ ಪಿಸುಗುಟ್ಟಿದ್ದುಂಟು. ಆ ಹಾಳೆಯನ್ನು ಹಿಡಿದು ನಿಂತಾಗ ಅದು ನೆನಪಾಯಿತು. ಇರುವ ರೋಗ ಬೇರೆ, ಇದ್ದು ಹೋದ ರೋಗ ಬೇರೆ, ಮುಂದೆ ಮರುಕಳಿಸಬಹುದೆಂಬ ಶಂಕೆ ಬೇರೆ. ಕೊಲ್ಲಿಯ ನಿಯಮ ಮೂರನ್ನೂ ಒಂದೇ ಪದದಲ್ಲಿ ಕಟ್ಟಿಹಾಕುತ್ತದೆ. ತನ್ನ ಪ್ರಜೆಗಳನ್ನು ರೋಗದಿಂದ ಕಾಯುವ ಹಕ್ಕು ಯಾವುದೇ ದೇಶಕ್ಕೆ ಇದೆ, ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ರೋಗಿಗಳ ಸೇವೆಯಲ್ಲಿ ಬಂದ ರೋಗವು ವಾಸಿಯಾದ ಬಳಿಕವೂ ರೋಗಿಗಳ ಸೇವೆಗೆ ಅಡ್ಡಬರುವುದು ನ್ಯಾಯವೆಂದು ನನ್ನ ಮನಸ್ಸು ಒಪ್ಪುವುದಿಲ್ಲ.

ಎಲ್ಲ ದೇಶಗಳೂ ಹೀಗಿಲ್ಲ ಎಂಬುದನ್ನು ನಮ್ಮ ಮನೆಗಳವರು ತಿಳಿಯಬೇಕು. ಭಾರತದಿಂದ ಆರು ತಿಂಗಳಿಗೂ ಹೆಚ್ಚು ಕಾಲಕ್ಕೆ ಬರುವವರಿಂದ ಬ್ರಿಟನ್ ಕ್ಷಯ ತಪಾಸಣೆಯ ಪ್ರಮಾಣಪತ್ರ ಕೇಳುತ್ತದೆ. ಅಲ್ಲಿ ಎಕ್ಸ್-ರೇಯಲ್ಲಿ ಸಂಶಯ ಬಂದರೆ ಮೂರು ಬಾರಿ ಕಫ ತೆಗೆದು, ರೋಗಾಣು ಬೆಳೆಯುತ್ತದೆಯೇ ಎಂದು ಎಂಟು ವಾರಗಳವರೆಗೆ ಕಾಯುತ್ತಾರೆ. ಬೆಳೆಯದಿದ್ದರೆ ಹಳೆಯ ಕಲೆ ತಡೆಯಲ್ಲ. ಬೆಳೆದರೆ ಚಿಕಿತ್ಸೆ ಮುಗಿಸಿ ಮತ್ತೆ ಅರ್ಜಿ ಹಾಕಬಹುದು. ಆಸ್ಟ್ರೇಲಿಯವು ಇಂಥವರಿಂದ, ಅಲ್ಲಿಗೆ ತಲುಪಿದ ಮೇಲೆ ವೈದ್ಯರ ಮುಂದೆ ಹಾಜರಾಗುತ್ತೇನೆಂದು ಮುಚ್ಚಳಿಕೆ ಬರೆಸಿಕೊಳ್ಳುವುದುಂಟು. 1960ರ ದಶಕದಲ್ಲಿ ಧರ್ಮಸಭೆಯ ಮೂಲಕವೇ ಕೇರಳದ ಎಷ್ಟೋ ಹೆಣ್ಣುಮಕ್ಕಳು ದಾದಿಯರಾಗಿ ಹೋಗಿದ್ದ ಜರ್ಮನಿಯಲ್ಲಿ 2020ರಿಂದ ಆಸ್ಪತ್ರೆಯ ಸಿಬ್ಬಂದಿ ದಡಾರದ ರಕ್ಷಣೆ ಇದೆಯೆಂದು ತೋರಿಸಬೇಕು. ಅದಕ್ಕಿಂತ ದೊಡ್ಡ ಬೆಟ್ಟವೆಂದರೆ ಜರ್ಮನ್ ಭಾಷೆ.

ಇದನ್ನೆಲ್ಲ ಹೇಳಿ, “ಚಿಕಿತ್ಸೆ ಪಡೆದ ಕಾರ್ಡು, ಹಳೆಯ ಎಕ್ಸ್-ರೇ ಇದ್ದರೆ ತನ್ನಿರಮ್ಮ, ಕಲೆ ಹಳೆಯದೆಂದು ತೋರಿಸಲು ಅದೇ ಆಧಾರ” ಎಂದೆ. ಆ ತಾಯಿ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಮದುವೆಗೆ ಅಡ್ಡ ಬರುತ್ತದೆ ಅಂತ ಎಲ್ಲಾ ಒಲೆಗೆ ಹಾಕಿಬಿಟ್ಟೆ ಫಾದರ್” ಎಂದರು.

ಎಷ್ಟು ಮನೆಗಳಲ್ಲಿ ಎಷ್ಟು ಕಾರ್ಡುಗಳು ಹೀಗೆ ಬೂದಿಯಾಗಿವೆಯೋ! ವರನ ಕಡೆಯವರಿಗೆ ತಿಳಿಯಬಾರದು, ನೆರೆಯವರಿಗೆ ತಿಳಿಯಬಾರದು, ಧರ್ಮಗುರುಗಳಿಗಂತೂ ತಿಳಿಯಲೇಬಾರದು. ಈ ಮುಚ್ಚುಮರೆಯನ್ನೇ ಬಂಡವಾಳ ಮಾಡಿಕೊಳ್ಳುವವನು ಏಜೆಂಟ್. “ಬಾಯಿ ಬಿಡಬೇಡಿ, ಮೆಡಿಕಲ್ ನಾನು ನೋಡಿಕೊಳ್ಳುತ್ತೇನೆ” ಎಂದು ಇವರಿಗೂ ಹೇಳಿದ್ದನಂತೆ. ಹೇಗೋ ದಾಟಿಸಿ ಕಳುಹಿಸಿದರೂ ಅಲ್ಲಿ ಇಳಿದ ಮೇಲೆ ವಾಸದ ಪರವಾನಗಿಗೆ ಮತ್ತೆ ತಪಾಸಣೆ ಇರುತ್ತದೆ, ಸಿಕ್ಕಿಬಿದ್ದವರು ಹಿಂದಿರುಗುವ ವಿಮಾನ ಹತ್ತಬೇಕಾಗುತ್ತದೆ ಎಂಬುದನ್ನು ಮಾತ್ರ ಅವನು ಹೇಳಲಿಲ್ಲ. ಕೊಟ್ಟ ಮುಂಗಡದಲ್ಲಿ ಅರ್ಧವೂ ಮರಳಲಿಲ್ಲ.

ವಲಸೆ ಕಾಯಿದೆಯ ನಿಯಮದಂತೆ ನೋಂದಾಯಿತ ಏಜೆಂಟನು ಪಡೆಯಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಅದಕ್ಕೆ ರಸೀದಿಯನ್ನೂ ಕೊಡಬೇಕು. ಕುವೈತಿಗೆ ದಾದಿಯರನ್ನು ಕಳುಹಿಸುವ ನೆಪದಲ್ಲಿ ಲಕ್ಷಗಟ್ಟಲೆ ಸುಲಿದ ಹಗರಣ ಕೇರಳದಲ್ಲಿ ಬಯಲಾದ 2015ರಲ್ಲಿಯೇ ಕೇಂದ್ರ ಸರ್ಕಾರವು ಕೊಲ್ಲಿ ಸೇರಿದಂತೆ 18 ದೇಶಗಳಿಗೆ ಹೋಗುವ ದಾದಿಯರಿಗೆ ವಲಸೆ ಅನುಮತಿಯನ್ನು ಕಡ್ಡಾಯ ಮಾಡಿ, ನೇಮಕಾತಿಯನ್ನು ಸರ್ಕಾರಿ ಸಂಸ್ಥೆಗಳಿಗೆ ವಹಿಸುವ ಆದೇಶ ಹೊರಡಿಸಿತು. ನಮ್ಮ ರಾಜ್ಯದಲ್ಲಿ ಕೌಶಲ್ಯಾಭಿವೃದ್ಧಿ ನಿಗಮದ ವಲಸೆ ಕೇಂದ್ರ ಈ ಕೆಲಸ ಮಾಡುತ್ತದೆ. ಬ್ರಿಟನ್ನಿನ ನೇಮಕಾತಿ ಸಂಹಿತೆಯಂತೂ ದಾದಿಯಿಂದ ಶುಲ್ಕ ವಸೂಲಿಯನ್ನೇ ನಿಷೇಧಿಸಿದೆ. ಸಂದರ್ಶನ ವೀಸಾದಲ್ಲಿ ಹೋಗಿ ಅಲ್ಲಿ ಬದಲಾಯಿಸಿಕೊಳ್ಳಿ ಎನ್ನುವವನನ್ನು ಹೊಸ್ತಿಲ ಆಚೆಯೇ ನಿಲ್ಲಿಸಿ. ಹಣದ ಮಾತಿಗೆ ಮೊದಲೇ ಇಲ್ಲಿಯೇ ಒಂದು ಎಕ್ಸ್-ರೇ, ಒಂದು ರಕ್ತಪರೀಕ್ಷೆ ಮಾಡಿಸಿಬಿಡಿ. ಓದುತ್ತಿರುವ ಹುಡುಗಿಯರು ಹೆಪಟೈಟಿಸ್ ಬಿ ಲಸಿಕೆಯ ಮೂರು ಚುಚ್ಚುಮದ್ದನ್ನೂ ಪೂರೈಸಿರಲಿ. ಅದಕ್ಕೇ ಆರು ತಿಂಗಳು ಬೇಕು.

ಜುಲೈ 14ರಂದು ನಾವು ಸ್ಮರಿಸುವ, ದಾದಿಯರ ಪಾಲಕ ಸಂತ ಕಮಿಲಸರ ಕಥೆಯನ್ನು ಆ ಹುಡುಗಿಗೆ ನಾನು ಹೇಳಿದೆ. ಸೈನಿಕರಾಗಿದ್ದ ಅವರ ಕಾಲಿನಲ್ಲಿ ವಾಸಿಯಾಗದ ಹುಣ್ಣೊಂದಿತ್ತು. 1575ರಲ್ಲಿ ಕಪುಚಿನ್ ಸಭೆಯನ್ನು ಸೇರಿದರು. ಹುಣ್ಣು ಮತ್ತೆ ಒಡೆಯಿತೆಂದು ಸಭೆಯವರು ಹೊರಗೆ ಕಳುಹಿಸಿದರು. ಚಿಕಿತ್ಸೆಗೆಂದು ಹೋದ ರೋಮಿನ ಆಸ್ಪತ್ರೆಯಲ್ಲೇ ರೋಗಿಗಳ ಸೇವೆಗೆ ನಿಂತು, ಮುಂದೆ ಅದಕ್ಕಾಗಿಯೇ ಒಂದು ಸಭೆಯನ್ನು ಕಟ್ಟಿದರು. 1614ರಲ್ಲಿ ತೀರಿಕೊಳ್ಳುವವರೆಗೂ ಹುಣ್ಣು ಮಾಯಲಿಲ್ಲ. ಹುಡುಗಿ ಕೇಳಿ ನಕ್ಕಳು. “ಅವರಿಗೆ ವೀಸಾ ಬೇಕಿರಲಿಲ್ಲವಲ್ಲ ಫಾದರ್” ಎಂದಳು. ಉತ್ತರ ನನ್ನ ಬಳಿ ಇರಲಿಲ್ಲ.

ಸುಟ್ಟುಹೋದ ಕಾರ್ಡಿನ ವಿವರ ಕ್ಷಯರೋಗ ಕಚೇರಿಯ ‘ನಿಕ್ಷಯ್’ ದಾಖಲೆಯಲ್ಲಿ ಸಿಕ್ಕಿತು: ಚಿಕಿತ್ಸೆ ಆರಂಭವಾದ ದಿನ, ಮುಗಿದ ದಿನ, ಫಲಿತಾಂಶ. ಇಂಗ್ಲಿಷ್ ಪರೀಕ್ಷೆಯನ್ನು ಅವಳು ಎರಡನೇ ಯತ್ನದಲ್ಲಿ ದಾಟಿದಳು. ಬ್ರಿಟನ್ನಿನ ಒಂದು ಆಸ್ಪತ್ರೆಯಿಂದ ಕೆಲಸದ ಪತ್ರವೂ ಬಂದಿದೆ. ಕಫದ ಮಾದರಿಗಳನ್ನು ಬೆಂಗಳೂರಿನಲ್ಲಿ ಕೊಟ್ಟು ಬಂದಿದ್ದಾಳೆ. ಮೊನ್ನೆ ಪೂಜೆಯ ಬಳಿಕ ತಾಯಿ ಬಳಿಗೆ ಬಂದು, ಏನನ್ನೂ ಕೇಳದೆ, ಬೆರಳೆತ್ತಿ ತೋರಿಸಿದರು: ಐದು ವಾರವಾಯಿತು, ಇನ್ನು ಮೂರು.