ಟೇಬಲ್ ಮೇಲೆ 'ಡೆತ್ ನೋಟ್' ಕಂಡರೆ...

ಮಗನ ರೂಮು ಗುಡಿಸೋಕೆ ಹೋದಾಗ ಟೇಬಲ್ ಮೇಲೆ 'ಡೆತ್ ನೋಟ್' ಅನ್ನೋ ಪುಸ್ತಕ ಕಂಡರೆ ಯಾವ ತಾಯಿಯ ಎದೆ ತಾನೇ ಧಸಕ್ ಅನ್ನಲ್ಲ? ನಮ್ಮ ಪೇಪರುಗಳಲ್ಲಿ ಆ ಮಾತಿಗಿರುವ ಅರ್ಥವೇ ಬೇರೆ! ಸ್ವಲ್ಪ ಸಮಾಧಾನ ಮಾಡಿಕೊಳ್ಳಿ. ಅದು ಹದಿಹರೆಯದವರು ಮುಗಿಬಿದ್ದು ಓದುವ ಜಪಾನಿನ ಚಿತ್ರಕಥೆ. ಅಲ್ಲಿ ಇಂಥವನ್ನು 'ಮಾಂಗಾ' ಅಂತಾರೆ.

ಕಥೆ ತ್ಸುಗುಮಿ ಓಬಾ ಅವರದು, ಚಿತ್ರ ತಕೇಶಿ ಒಬಾಟ ಅವರದು. 2003ರಿಂದ 2006ರವರೆಗೆ ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದು, ಆಮೇಲೆ 12 ಸಂಪುಟಗಳಾಯಿತು. ಇಂಗ್ಲಿಷ್ ಅನುವಾದವನ್ನೂ ಜಪಾನಿನ ಪದ್ಧತಿಯಂತೆ ಬಲದಿಂದ ಎಡಕ್ಕೇ ಓದಬೇಕು.

ಲೈಟ್ ಯಾಗಾಮಿ ಅನ್ನೋ ಬುದ್ಧಿವಂತ ಹುಡುಗ. ತಂದೆ ಪೊಲೀಸ್ ಅಧಿಕಾರಿ. ರ್‍ಯೂಕ್ ಎಂಬ ಸಾವಿನ ದೇವತೆ ಬೇಜಾರು ಕಳೆಯೋಕೆ ಭೂಮಿಗೆ ಬೀಳಿಸಿದ ನೋಟ್‌ಬುಕ್ ಇವನ ಕೈಗೆ ಸಿಗುತ್ತೆ. ಯಾರದಾದರೂ ಮುಖ ನೆನೆದು ಅದರಲ್ಲಿ ಹೆಸರು ಬರೆದರೆ ಸಾಕು, 40 ಸೆಕೆಂಡಿಗೆ ಹೃದಯ ನಿಂತು ಆಸಾಮಿ ಸಾಯ್ತಾನೆ. ಮೊದಮೊದಲು ಲೈಟ್ ಬರೆಯೋದು ಕ್ರಿಮಿನಲ್‌ಗಳ ಹೆಸರನ್ನ. ಆಮೇಲೆ? ತನ್ನನ್ನು ಹುಡುಕಿ ಬಂದ ನಿರಪರಾಧಿಗಳದ್ದೂ! ಕೊಲೆಗಾರನ ಪತ್ತೆಗೆ ಹೊರಟವರಲ್ಲಿ ಅವನ ತಂದೆಯೂ ಒಬ್ಬರು.

ನನಗೆ ಭಯ ಹುಟ್ಟಿಸಿದ್ದು ಆ ಕೋರೆಹಲ್ಲಿನ ರ್‍ಯೂಕ್ ಅಲ್ಲ, ಲೈಟ್‌ನ ಮನೆ. ಮಗ ಪರೀಕ್ಷೆಯಲ್ಲಿ ಇಡೀ ದೇಶಕ್ಕೇ ಫಸ್ಟ್. ಅಮ್ಮನಿಗೆ ಸಂಭ್ರಮವೋ ಸಂಭ್ರಮ. ಏನೂ ಬೇಡಮ್ಮ ಅಂದು ಮಗ ರೂಮಿಗೆ ಹೋಗಿ ಬಾಗಿಲು ಹಾಕ್ಕೋತಾನೆ. ಒಳಗೆ ಅವನು ಏನು ಬರೀತಾನೆ ಅನ್ನೋದು ಮನೇಲಿ ಯಾರಿಗೂ ಗೊತ್ತಿಲ್ಲ. ಮಾರ್ಕ್ಸ್ ಚೆನ್ನಾಗಿದೆ ಅಂದಮೇಲೆ ಎಲ್ಲ ಚೆನ್ನಾಗಿದೆ ಅಂದುಕೊಳ್ಳೋದು ನಮ್ಮ ಮನೆಗಳಲ್ಲೂ ಇದೆ, ಅಲ್ವಾ?

'ಅಯ್ಯೋ, ಇಂಥದ್ದೆಲ್ಲ ಯಾಕೆ ಓದಬೇಕು?' ಅಂತೀರಾ? ಚಂದಮಾಮದಲ್ಲಿ ಬೇತಾಳನ ಕಥೆ ಓದಿ ಬೆಳೆದವರು ನಾವು. ಮರದಲ್ಲಿ ನೇತಾಡುವ ಹೆಣ, ಅದನ್ನು ಹೆಗಲ ಮೇಲೆ ಹೊತ್ತ ರಾಜ! ಕಥೆ ಮುಗಿದಾಗ ನಮ್ಮ ತಲೆಯಲ್ಲಿ ಉಳಿಯುತ್ತಿದ್ದುದು ಹೆಣವಲ್ಲ, ಬೇತಾಳ ಕೇಳಿದ ನ್ಯಾಯದ ಪ್ರಶ್ನೆ. ಇಲ್ಲೂ ಅಷ್ಟೇ. ಕೆಟ್ಟವರನ್ನು ಕೊಲ್ಲೋ ಹಕ್ಕು ಯಾರಿಗಿದೆ? ಯಾರು ಕೆಟ್ಟವರು ಅಂತ ತೀರ್ಮಾನಿಸೋರು ಯಾರು? ಈ ಪ್ರಶ್ನೆಯನ್ನು ಮಕ್ಕಳು ಒಬ್ಬರೇ ಹೊತ್ತುಕೊಂಡು ಕೂರಬಾರದು, ಅಷ್ಟೇ. ಹಾಗಾಗಿ ಇಷ್ಟು ಮಾಡಿ ನೋಡಿ:

* ಪುಸ್ತಕ ಕಿತ್ತಿಡಬೇಡಿ. ಕಿತ್ತಿಟ್ಟದ್ದನ್ನ ಮೊಬೈಲಲ್ಲಿ ಓದ್ತಾರೆ. ಲೈಟ್ ಕೂಡ ನೋಟ್‌ಬುಕ್ಕನ್ನು ಡ್ರಾಯರಿನ ಕಳ್ಳ ಅಡಿಯಲ್ಲಿ ಬಚ್ಚಿಡುತ್ತಾನೆ!

* ವಯಸ್ಸು ನೋಡಿ. ಇಂಗ್ಲಿಷ್ ಪ್ರಕಾಶಕರೇ ಇದನ್ನು ಹದಿಹರೆಯದ ದೊಡ್ಡ ಮಕ್ಕಳಿಗೆ ಅಂತ ಗುರುತಿಸಿದ್ದಾರೆ. ಎಸ್ಸೆಸ್ಸೆಲ್ಸಿ ಮುಗಿದವರಿಗೆ ಸರಿ, ಆರನೇ ಕ್ಲಾಸಿನ ತಮ್ಮನಿಗೆ ಬೇಡ.

* ಮೊದಲ ಸಂಪುಟವನ್ನಾದರೂ ನೀವೂ ಓದಿ. 'ಲೈಟ್ ಮಾಡಿದ್ದು ಸರೀನಾ?' ಅಂತ ಊಟದ ಹೊತ್ತಲ್ಲಿ ಕೇಳಿ. ಉಪದೇಶ ಬೇಡ, ಅವರ ಮಾತು ಪೂರ್ತಿ ಕೇಳಿಸಿಕೊಳ್ಳಿ.

* ಆಟಕ್ಕೆಂದೇ ಆದರೂ ಸಹಪಾಠಿಗಳ ಹೆಸರು ಬರೆದಿಟ್ಟಿದ್ದರೆ ಬೈಯೋ ಮೊದಲು ಕಾರಣ ಕೇಳಿ. ಅಮೆರಿಕದ ಕೆಲವು ಶಾಲೆಗಳಲ್ಲಿ ಹೀಗಾಗಿದ್ದುಂಟು. ಆ ಹೆಸರಿನ ಹಿಂದೆ ಯಾರೋ ಕೊಟ್ಟ ಕಾಟ ಇರಬಹುದು.

* ಊಟ, ನಿದ್ದೆ, ಸ್ನೇಹಿತರು ಎಲ್ಲ ಬೇಡವಾಗಿದ್ದರೆ, ಸಾಯುವ ಮಾತು ಬಾಯಲ್ಲಿ ಬಂದರೆ ಪುಸ್ತಕದ ಮೇಲೆ ತಪ್ಪು ಹೊರಿಸಿ ಸುಮ್ಮನಾಗಬೇಡಿ. ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಇವತ್ತು ರಿಸಲ್ಟ್ ಬಂದರೆ ಮಾರ್ಕ್ಸ್ ಕೇಳಿ, ತಪ್ಪೇನಿಲ್ಲ. ಜೊತೆಗೆ 'ಈಗೇನು ಓದ್ತಿದ್ದೀಯಪ್ಪಾ?' ಅಂತಲೂ ಒಂದು ಮಾತು ಕೇಳಿಬಿಡಿ.