ಸಭೆ ಸೇರದೆ ದೋಷವಿಮರ್ಶೆ

1947ನೆಯ ಇಸವಿ ಸೆಪ್ಟೆಂಬರ್ 9ರಂದು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮಾರ್ಕ್-2 ಎಂಬ ಗಣಕಯಂತ್ರ ಸರಿಯಾಗಿ ನಡೆಯದಾಯಿತು. ಹುಡುಕಿ ನೋಡಲಾಗಿ, 70ನೆಯ ರಿಲೇಯಲ್ಲಿ ಪತಂಗವೊಂದು ಸಿಕ್ಕಿಕೊಂಡಿದ್ದಿತು. ಯಂತ್ರವನ್ನು ನಡೆಸುತ್ತಿದ್ದವರು ಅದನ್ನು ತೆಗೆದು ದಿನವಹಿಯ ಪುಟಕ್ಕೆ ಅಂಟಿಸಿ, ಪಕ್ಕದಲ್ಲಿ ವೇಳೆಯನ್ನೂ ಗುರುತು ಮಾಡಿದರು. ಯಂತ್ರದ ದೋಷವನ್ನು ‘ಬಗ್’, ಅಂದರೆ ಹುಳು, ಎಂದು ಕರೆಯುವ ವಾಡಿಕೆ ಎಡಿಸನ್ನನ ಕಾಲಕ್ಕಾಗಲೇ ಇದ್ದಿತು. ಪತಂಗದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನಮ್ಮ ವಿಷಯಕ್ಕೆ ಹೆಚ್ಚು ಬೇಕಾದುದು ಅದನ್ನು ಬರೆದಿಟ್ಟ ಪುಸ್ತಕ.

ಇಂದು ದೊಡ್ಡ ತಂತ್ರಾಂಶವೊಂದರಲ್ಲಿ ಲಕ್ಷಗಟ್ಟಲೆ ಸಾಲುಗಳ ಆದೇಶಗಳಿರುತ್ತವೆ. ಬಳಸುವವರಿಂದ ದೋಷದ ದೂರುಗಳು ದಿನವೂ ಬರುತ್ತಿರುತ್ತವೆ. ಪ್ರತಿಯೊಂದು ದೂರನ್ನು ಕುರಿತೂ ಮೂರು ಮಾತು ತೀರ್ಮಾನವಾಗಬೇಕು: ದೋಷ ನಿಜವಾಗಿ ಇದೆಯೆ? ಇದ್ದರೆ ಎಷ್ಟು ತೀವ್ರವಾದುದು? ತಿದ್ದುವವರು ಯಾರು? ಇದನ್ನು ವಾರಕ್ಕೊಮ್ಮೆ ಸಭೆ ಸೇರಿ ನಿರ್ಣಯಿಸುವುದು ಅನೇಕ ಸಂಸ್ಥೆಗಳ ರೂಢಿ.

ಈ ಸಭೆಯ ಲೆಕ್ಕವನ್ನು ಸ್ವಲ್ಪ ಹಾಕಿ ನೋಡೋಣ. ಎಂಟು ಜನ ಒಂದು ಗಂಟೆ ಕುಳಿತು ಇಪ್ಪತ್ತು ದೋಷಗಳನ್ನು ನೋಡಿದರೆ ಒಂದೊಂದಕ್ಕೆ ದೊರೆಯುವುದು 3 ನಿಮಿಷ. ವೆಚ್ಚವಾದುದು ಎಂಟು ಗಂಟೆಗಳ ದುಡಿಮೆ. ಒಂದು ದೋಷದ ಒಳಗುಟ್ಟು ಬಲ್ಲವರು ಸಾಮಾನ್ಯವಾಗಿ ಒಬ್ಬರೊ ಇಬ್ಬರೊ. ಉಳಿದವರು ತಮ್ಮ ಸರದಿಗಾಗಿ ಕಾಯುತ್ತಾರೆ. ಇದಕ್ಕಿಂತಲೂ ಕೆಟ್ಟುದು ದೋಷವೇ ಕಾಯುವುದು. ಸಭೆ ಗುರುವಾರವಾದರೆ, ಅದು ಮುಗಿದ ಸಂಜೆ ಬಂದ ದೂರು ಸುಮಾರು 7 ದಿನ ಬಿದ್ದಿರಬೇಕು. ದೂರುಗಳು ವಾರದುದ್ದಕ್ಕೂ ಸಮನಾಗಿ ಬರುತ್ತವೆಂದು ಭಾವಿಸಿದರೆ ಸರಾಸರಿ ಕಾಲಹರಣ ಮೂರೂವರೆ ದಿನ. ಇನ್ನು ತಂಡದ ಅರ್ಧ ಬೆಂಗಳೂರಿನಲ್ಲಿಯೂ ಅರ್ಧ ಸ್ಯಾನ್ ಫ್ರಾನ್ಸಿಸ್ಕೋದಲ್ಲಿಯೂ ಇದ್ದರೆ, ಇಲ್ಲಿ ಬೆಳಗಿನ 9 ಗಂಟೆಯಾದಾಗ ಅಲ್ಲಿ ಹಿಂದಿನ ದಿನದ ರಾತ್ರಿ ಏಳೂವರೆ, ಬೇಸಗೆಯಲ್ಲಿ ಎಂಟೂವರೆ. ಯಾರಾದರೊಬ್ಬರ ಊಟವೊ ನಿದ್ರೆಯೊ ಕೆಡುವುದು ಖಂಡಿತ.

ಐ.ಬಿ.ಎಂ. ಸಂಸ್ಥೆಯ ಮೈಕಲ್ ಫಾಗನ್ ಅವರು 1976ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಬರೆದ ಆದೇಶಗಳನ್ನು ಸುಮಾರು ನಾಲ್ಕು ಜನ ಒಟ್ಟಿಗೆ ಕುಳಿತು ಪರೀಕ್ಷಿಸುವ ಕ್ರಮವನ್ನು ವಿವರಿಸಿದರು. ದೋಷಗಳು ಹೊರಬೀಳಬೇಕಾದುದು ಸಭೆಯಲ್ಲಿ ಎಂಬುದು ಅವರ ಎಣಿಕೆ. 1993ರಲ್ಲಿ ಬೆಲ್ ಪ್ರಯೋಗಶಾಲೆಯ ಲಾರೆನ್ಸ್ ವೋಟ ಅವರು ಅಳೆದು ನೋಡಿದಾಗ ಬೇರೆಯೇ ಕಂಡಿತು: ಬಹುಪಾಲು ದೋಷಗಳು ಸಭೆಗೆ ಮುಂಚೆ ಒಬ್ಬೊಬ್ಬರೂ ಏಕಾಂತದಲ್ಲಿ ಓದುವಾಗಲೇ ಸಿಕ್ಕಿದ್ದವು. ಸಭೆಯಲ್ಲಿ ಹೊಸದಾಗಿ ದೊರೆತವು ಅತ್ಯಲ್ಪ. ಎಲ್ಲರನ್ನೂ ಒಂದೆಡೆ ಕೂಡಿಸುವುದರಲ್ಲಿಯೇ ದಿನಗಳು ಕಳೆಯುತ್ತಿದ್ದವು.

ಸಭೆಗೆ ಬದಲಾದ ಪದ್ಧತಿಯನ್ನು ‘ಅಸಮಕಾಲಿಕ’ ವಿಮರ್ಶೆ ಎನ್ನಬಹುದು. ಹೆಸರು ಕಠಿನವಾದರೂ ವಿಷಯ ಸುಲಭ. ಅಂಚೆಯ ಮೂಲಕ ಚದುರಂಗ ಆಡುವವರಂತೆ, ಒಬ್ಬೊಬ್ಬರೂ ತಮಗೆ ಬಿಡುವಾದಾಗ ಓದಿ, ಯೋಚಿಸಿ, ತಮ್ಮ ನಡೆಯನ್ನು ಬರೆದಿಡುತ್ತಾರೆ. 1998ರಲ್ಲಿ ಮೊಜಿಲ್ಲಾ ಯೋಜನೆಯವರು ಹೊರತಂದ ಬಗ್‌ಜಿಲ್ಲಾ ಇಂತಹ ಒಂದು ದಿನವಹಿ. ಅದರಲ್ಲಿ ಪ್ರತಿಯೊಂದು ದೋಷಕ್ಕೂ ಒಂದು ಸಂಖ್ಯೆ, ತೀವ್ರತೆಯ ದರ್ಜೆ, ಹೊಣೆಗಾರನ ಹೆಸರು, ನಡೆದ ಚರ್ಚೆ ಎಲ್ಲವೂ ಇರುತ್ತವೆ. 1991ರಲ್ಲಿ ಆರಂಭವಾದ ಲಿನಕ್ಸ್‌ನ ತಿರುಳನ್ನು ಸಾವಿರಾರು ಜನ ಬಹುಮಟ್ಟಿಗೆ ಮಿಂಚಂಚೆಯ ಪತ್ರಗಳಿಂದಲೇ ತಿದ್ದುತ್ತ ಬಂದಿದ್ದಾರೆ.

ಹೀಗೆ ಬರೆದಿಡುವುದರ ಬೆಲೆಯನ್ನು ಥೆರಾಕ್-25 ಎಂಬ ವಿಕಿರಣ ಚಿಕಿತ್ಸೆಯ ಯಂತ್ರ ಕ್ರೂರವಾಗಿ ತೋರಿಸಿತು. 1985ರಿಂದ 1987ರ ವರೆಗೆ ಅಮೆರಿಕ, ಕೆನಡಗಳಲ್ಲಿ ಆರು ರೋಗಿಗಳು ಅದರಿಂದ ವಿಪರೀತ ವಿಕಿರಣಕ್ಕೆ ಗುರಿಯಾದರು, ಕೆಲವರು ಸತ್ತರು. ತಂತ್ರಾಂಶದ ದೋಷ ಅದಕ್ಕೆ ಒಂದು ಕಾರಣವಾಗಿದ್ದಿತು. ಒಂದು ಆಸ್ಪತ್ರೆಯಲ್ಲಿ ನಡೆದುದು ಇನ್ನೊಂದಕ್ಕೆ ತಿಳಿಯಲಿಲ್ಲ. ಬೇರೆಲ್ಲಿಯೂ ಇಂತಹ ಅಪಘಾತವಾಗಿಲ್ಲವೆಂಬ ಉತ್ತರವೇ ಕೇಳಿದವರಿಗೆ ದೊರೆಯಿತು. ಎಲ್ಲರ ಕಣ್ಣಿಗೂ ಬೀಳುವ ಒಂದೇ ಪಟ್ಟಿಯಿದ್ದಿದ್ದರೆ ಎರಡನೆಯ ದೂರು ಬಂದಾಗಲೇ ಮೊದಲನೆಯದರ ನೆನಪಾಗುತ್ತಿದ್ದಿತು.

ಆದರೆ ಪತ್ರಕ್ಕೂ ಒಂದು ರೋಗವುಂಟು. ಎಲ್ಲರಿಗೂ ಬರೆದ ಪತ್ರಕ್ಕೆ ಯಾರೂ ಉತ್ತರ ಬರೆಯುವುದಿಲ್ಲ. ಸಭೆಯನ್ನು ಕೈಬಿಟ್ಟು ಸುಮ್ಮನೆ ಕುಳಿತರೆ ದೂರುಗಳು ರಾಶಿಬೀಳುವುವು. ಆದುದರಿಂದ ಹೊಸ ದೂರುಗಳನ್ನು ವಿಂಗಡಿಸುವ ಹೊಣೆಯನ್ನು ವಾರಕ್ಕೊಬ್ಬರಂತೆ ಸರದಿಯ ಮೇಲೆ ಹೊರಬೇಕು. ಉಳಿದವರ ಉತ್ತರಕ್ಕೆ ಒಂದು ದಿನದ ಗಡುವು. ಅದು ಮೀರಿದರೆ ವಿಂಗಡಿಸಿದವರ ತೀರ್ಮಾನವೇ ಸ್ಥಿರ. ಜನರ ದಾಖಲೆಗಳು ನಾಶವಾಗುವ, ಇಲ್ಲವೆ ಗುಟ್ಟು ಬಯಲಾಗುವ ದೋಷ ಕಂಡರೆ ಪತ್ರ ಬರೆದು ಕಾಯದೆ, ಸಂಬಂಧಪಟ್ಟವರನ್ನು ದೂರವಾಣಿಯಲ್ಲಿ ಎಬ್ಬಿಸಬೇಕು. ಮೂರು ಸಲ ಬರೆದಾಡಿಯೂ ಒಮ್ಮತ ಬಾರದವು ವಾರಕ್ಕೆ ಎರಡೊ ಮೂರೊ ಉಳಿಯಬಹುದು. ಅವುಗಳ ವಿಷಯ ಬಲ್ಲ ಇಬ್ಬರು ಮೂವರು ಹದಿನೈದು ನಿಮಿಷ ಮಾತನಾಡಿ, ಆದ ತೀರ್ಮಾನವನ್ನು ಆಯಾ ದೋಷದ ಸಂಖ್ಯೆಯ ಕೆಳಗೆ ಬರೆದಿಟ್ಟರೆ ಸಾಕು.